ಗಂಧಕವನ್ನು ಸಿಂಪಡಿಸಿ ಉರಿಸುವ ಬಗೆ

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಸುತ್ತಮುತ್ತ ತೆಂಗಿನ ಮರವಿಲ್ಲದ ಹಿತ್ತಿಲು ವಿರಳ. ೧೯೯೮ರಲ್ಲಿ ಕೇರಳದಲ್ಲಿ ಗುರುತಿಸಲ್ಪಟ್ಟ ತೆಂಗಿನ ನುಸಿ ಪೀಡೆಯು ಕೆಲವೇ ವರ್ಷಗಳಲ್ಲಿ ನಮ್ಮ ಸೀಮೆಗೂ ಹಬ್ಬಿತು. ಬರಿಗಣ್ಣಿಗೆ ಕಾಣಿಸದ ಈ ನುಸಿಯು ಎಳೆಗಾಯಿಯ ತೊಟ್ಟಿನ ಎಸಳುಗಳ ಅಡಿಯಲ್ಲಿ ಸೇರಿಕೊಂಡು ರಸವನ್ನು ಹೀರುತ್ತದೆ. ಕಾಯಿಯ ಮೈ ಕಂದುಗಟ್ಟಿ ಸೀಳುತ್ತದೆ, ಗಾತ್ರ ಕುಗ್ಗುತ್ತದೆ. ಇದಕ್ಕೆ ಸೂಚಿಸಲಾದ ಔಷಧಗಳಲ್ಲಿ ಗಂಧಕವೂ ಒಂದು: ಒಂದು ಲೀಟರು ನೀರಿಗೆ ೪ ಗ್ರಾಂ. ಅಂಗಡಿಯಲ್ಲಿ ಅದನ್ನು ‘ನೀರಿನಲ್ಲಿ ಕರಗುವ ಗಂಧಕ’ವೆಂದು ಕರೆಯುವುದು ರೂಢಿ. ಹೆಸರು ಹಾಗಿದ್ದರೂ ಗಂಧಕವು ನೀರಿನಲ್ಲಿ ಕರಗುವುದಿಲ್ಲ. ಅತಿ ನಯವಾದ ಪುಡಿಯಾಗಿ ಬೆರೆತು ತೇಲುತ್ತದೆ, ಅಷ್ಟೆ.

ನಾವು ಆಗ ಚಿಕ್ಕವರು. ಮನೆಯ ತೋಟಕ್ಕೆ ಔಷಧ ಹೊಡೆಯಲು ಬಂದವನ ಪಂಪಿನ ಮೂತಿಯು ಗಂಧಕದ ಪುಡಿಯಿಂದ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದಿತು. ಬೇಸತ್ತ ಆತನು ಒಂದು ತಂತಿಯನ್ನು ತೂರಿಸಿ ರಂಧ್ರವನ್ನು ಚೆನ್ನಾಗಿ ತಿರುವಿದನು. ಆಮೇಲೆ ಮೂತಿ ಕಟ್ಟಿಕೊಳ್ಳಲಿಲ್ಲ. ಆದರೆ ಮಂಜಿನಂತೆ ಹರಡುತ್ತಿದ್ದ ಔಷಧವು ಧಾರೆಯಾಗಿ ಗೊನೆಯ ಮೇಲೆ ಬಿದ್ದು, ಹಾಗೆಯೇ ಜಾರಿ ಬುಡಕ್ಕೆ ಸುರಿಯಿತು. ಪೀಪಾಯಿ ಬೇಗ ಬರಿದಾಯಿತು. ಆ ವರ್ಷದ ಕಾಯಿ ಕೈಗೆ ಹತ್ತಲಿಲ್ಲ. ಆ ಮೂತಿಯನ್ನು ತಂದೆಯವರು ತಿಪಟೂರಿನ ಅಂಗಡಿಯೊಂದಕ್ಕೆ ತೆಗೆದುಕೊಂಡು ಹೋದಾಗ ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿ, “ತೂತು ದೊಡ್ಡದಾದ ಮೇಲೆ ಇದು ನಾಜಲ್ ಅಲ್ಲ ಸ್ವಾಮಿ, ಕೊಳಾಯಿ” ಎಂದರು.

ಈ ಮಾತಿನ ಪೂರ್ಣಾರ್ಥವು ನಮಗೆ ತಿಳಿದದ್ದು ಬಹುಕಾಲದ ಮೇಲೆ, ಗಂಧಕಾಮ್ಲದ ಕಾರ್ಖಾನೆಯೊಂದರ ಕುಲುಮೆಯನ್ನು ನೋಡಿದಾಗ. ಅಲ್ಲಿಯೂ ಗಂಧಕವೇ, ಅದನ್ನು ಸಿಂಪಡಿಸುವ ಮೂತಿಯೂ ತೋಟದ ಪಂಪಿನ ಮೂತಿಯ ಒಡಹುಟ್ಟೇ. ಆದರೆ ಸಿಂಪಡಿಕೆ ನಡೆಯುವುದು ಗೊನೆಯ ಮೇಲಲ್ಲ, ಸಾವಿರ ಡಿಗ್ರಿಯ ಬೆಂಕಿಯೊಳಗೆ.

ಗಂಧಕವನ್ನು ಉರಿಸುವ ಉದ್ಯಮಗಳು ನಮ್ಮ ನಾಡಿಗೆ ಹೊಸವಲ್ಲ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪನೆಯಾದುದು ೧೯೩೩ರಲ್ಲಿ. ಬಿಳಿಯ ಸಕ್ಕರೆಯನ್ನು ತಯಾರಿಸುವ ನಮ್ಮ ದೇಶದ ಹೆಚ್ಚಿನ ಕಾರ್ಖಾನೆಗಳು ಕಬ್ಬಿನ ಹಾಲನ್ನು ತಿಳಿಗೊಳಿಸಲು ಸುಣ್ಣದೊಡನೆ ಗಂಧಕದ ಹೊಗೆಯನ್ನು, ಎಂದರೆ ಗಂಧಕದ ಡೈ ಆಕ್ಸೈಡ್ ಅನಿಲವನ್ನು, ಹಾಯಿಸುತ್ತವೆ. ಕೃಷ್ಣರಾಜಸಾಗರದ ಸಮೀಪದ ಬೆಳಗೊಳದಲ್ಲಿ ೧೯೩೭ರಲ್ಲಿ ಸ್ಥಾಪಿತವಾದ ರಾಸಾಯನಿಕ ಗೊಬ್ಬರದ ಕಾರ್ಖಾನೆಯಲ್ಲಿ ಅಮೋನಿಯಂ ಸಲ್ಫೇಟ್ ತಯಾರಾಗುತ್ತಿದ್ದಿತು; ಅದಕ್ಕೆ ಗಂಧಕಾಮ್ಲವು ಬೇಕೇ ಬೇಕು. ಇಂದು ಮಂಗಳೂರಿನ ಪಣಂಬೂರಿನ ಗೊಬ್ಬರದ ಕಾರ್ಖಾನೆಯಲ್ಲಿ ಗಂಧಕಾಮ್ಲವು ತಯಾರಾಗುತ್ತದೆ. ಅದೇ ಸೀಮೆಯ ತೈಲ ಶುದ್ಧೀಕರಣಾಗಾರದಲ್ಲಿ ಕಚ್ಚಾ ಎಣ್ಣೆಯಿಂದ ಬೇರ್ಪಡಿಸಿದ ಗಂಧಕವು ಉಪೋತ್ಪನ್ನವಾಗಿ ದೊರೆಯುತ್ತದೆ.

ಸಕ್ಕರೆಯವರಿಗೂ ಆಮ್ಲದವರಿಗೂ ಬೇಕಾದ ಗಂಧಕದ ಪ್ರಮಾಣದಲ್ಲಿ ಬಹಳ ಅಂತರವಿದೆ. ಒಂದು ಟನ್ನು ಕಬ್ಬಿಗೆ ಸುಮಾರು ಅರ್ಧ ಕಿಲೋಗ್ರಾಂ ಗಂಧಕ ಸಾಕು. ದಿನಕ್ಕೆ ೨,೦೦೦ ಟನ್ನು ಕಬ್ಬು ಅರೆದರೆ ಒಂದು ಟನ್ನು. ಅಷ್ಟನ್ನು ಉರಿಸಲು ಹಿಂದೆ ಕಬ್ಬಿಣದ ಅಗಲವಾದ ತಟ್ಟೆಯೇ ಸಾಕಾಗುತ್ತಿದ್ದಿತು. ಗಂಧಕದ ಹೆಂಟೆಗಳನ್ನು ಅದರೊಳಗೆ ಹಾಕಿ, ಹೊತ್ತಿಸಿ, ಮೇಲೆ ಗಾಳಿಯನ್ನು ಊದುವುದು. ಇದರಲ್ಲಿ ಒಂದು ತೊಂದರೆ ಉಂಟು. ತಟ್ಟೆಯು ಹೆಚ್ಚು ಬಿಸಿಯಾಯಿತೆಂದರೆ ಗಂಧಕವು ಉರಿಯುವುದಕ್ಕೆ ಮೊದಲೇ ಆವಿಯಾಗಿ ಹೊರಟು, ಮುಂದಿನ ಕೊಳವೆಗಳಲ್ಲಿ ತಣಿದು, ಹಳದಿಯ ಪುಡಿಯಾಗಿ ಕೂತು ದಾರಿಯನ್ನು ಮುಚ್ಚುತ್ತದೆ. ಆಮ್ಲದ ಲೆಕ್ಕವೇ ಬೇರೆ. ಒಂದು ಟನ್ನು ಗಂಧಕಾಮ್ಲಕ್ಕೆ ಸುಮಾರು ೩೩೦ ಕಿಲೋಗ್ರಾಂ ಗಂಧಕ ಬೇಕು. ದಿನಕ್ಕೆ ೧೦೦ ಟನ್ನು ಆಮ್ಲ ತಯಾರಿಸುವ ಸಣ್ಣ ಕಾರ್ಖಾನೆಯೂ ೩೩ ಟನ್ನು ಗಂಧಕವನ್ನು ಹಗಲಿರುಳು ಒಂದೇ ಸಮನೆ ಉರಿಸಬೇಕಾಗುತ್ತದೆ. ಇದಕ್ಕೆ ತಟ್ಟೆಗಳನ್ನು ಜೋಡಿಸಹೊರಟರೆ ಅಂಗಳವೆಲ್ಲಾ ತಟ್ಟೆಗಳೇ ಆಗುವುವು.

ಏಕೆಂದರೆ ಗಂಧಕವು ಉರಿಯುವುದು ಹೊರಮೈಯಿಂದ. ಸರಿಯಾಗಿ ಹೇಳುವುದಾದರೆ, ಮೇಲ್ಮೈಯಿಂದ ಎದ್ದ ಆವಿಯು ಗಾಳಿಯ ಆಮ್ಲಜನಕದೊಡನೆ ಬೆರೆತು ಉರಿಯುತ್ತದೆ. ಮೇಲ್ಮೈ ಹೆಚ್ಚಾದಷ್ಟೂ ಉರಿ ಹೆಚ್ಚು. ಒಂದು ಲೀಟರು ದ್ರವ ಗಂಧಕವನ್ನು ಒಂದೇ ಗುಂಡಾಗಿ ಕಲ್ಪಿಸಿಕೊಳ್ಳಿರಿ. ಅದರ ಹೊರಮೈ ಸುಮಾರು ೪೮೪ ಚದರ ಸೆಂಟಿಮೀಟರು. ಹೆಚ್ಚುಕಡಮೆ ಒಂದು ಪತ್ರಿಕೆಯ ಪುಟದಷ್ಟು. ಅದನ್ನೇ ೦.೨ ಮಿಲಿಮೀಟರು ವ್ಯಾಸದ ಹನಿಗಳನ್ನಾಗಿ ಒಡೆದರೆ ಸುಮಾರು ೨೪ ಕೋಟಿ ಹನಿಗಳಾಗುತ್ತವೆ. ಅವುಗಳ ಒಟ್ಟು ಹೊರಮೈ ೩೦ ಚದರ ಮೀಟರು, ಒಂದು ಪುಟ್ಟ ತರಗತಿಯ ನೆಲದಷ್ಟು. ವಸ್ತು ಅಷ್ಟೇ, ಮೇಲ್ಮೈ ಮಾತ್ರ ಆರುನೂರು ಪಟ್ಟು ಬೆಳೆಯಿತು.

ಹನಿಯ ಗಾತ್ರದ ಪ್ರಭಾವ ಇಷ್ಟಕ್ಕೇ ಮುಗಿಯುವುದಿಲ್ಲ. ಉರಿಯುತ್ತಿರುವ ಹನಿಯ ಸುತ್ತ ಆವಿಯ ಒಂದು ಕವಚವಿರುತ್ತದೆ. ಜ್ವಾಲೆಯ ಶಾಖವು ಒಳಗೆ ಬರುವುದೂ ಆವಿಯು ಹೊರಗೆ ಹೋಗುವುದೂ ಈ ಕವಚವನ್ನು ದಾಟಿಯೇ. ಹನಿ ದೊಡ್ಡದಾದಷ್ಟೂ ಕವಚವೂ ದಪ್ಪ. ಆದ್ದರಿಂದ ಮೇಲ್ಮೈಯ ಪ್ರತಿಯೊಂದು ಚದರ ಮಿಲಿಮೀಟರಿನಿಂದ ಆವಿಯಾಗುವ ವೇಗವೂ ಕಡಮೆ. ಈ ಎರಡು ಪರಿಣಾಮಗಳನ್ನೂ ಕೂಡಿಸಿದರೆ, ಹನಿಯು ಉರಿದು ಮುಗಿಯುವ ಕಾಲವು ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆಂದು ದೊರೆಯುತ್ತದೆ. ೧೯೫೦ರ ದಶಕದ ಆದಿಯಲ್ಲಿ ಗಾಡ್‌ಸೇವ್ ಮತ್ತು ಸ್ಪಾಲ್ಡಿಂಗ್ ಎಂಬವರು ಎಣ್ಣೆಯ ಹನಿಗಳ ವಿಷಯದಲ್ಲಿ ಈ ನಿಯಮವನ್ನು ನಿರೂಪಿಸಿದರು. ೦.೨ ಮಿಲಿಮೀಟರಿನ ಹನಿಯೊಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ ಉರಿದು ಮುಗಿಯುತ್ತದೆ ಎಂದು ಇಟ್ಟುಕೊಳ್ಳೋಣ. ಹಾಗಾದರೆ ೨ ಮಿಲಿಮೀಟರಿನ ಹನಿಗೆ ಅದರ ನೂರು ಪಟ್ಟು, ಎಂದರೆ ೫ ಸೆಕೆಂಡು ಬೇಕು. ಕುಲುಮೆಯೊಳಗೆ ಅನಿಲವು ನಿಲ್ಲುವುದು ಸುಮಾರು ಒಂದು ಸೆಕೆಂಡು. ದೊಡ್ಡ ಹನಿಯು ಉರಿಯುತ್ತಲೇ ಎದುರಿನ ಗೋಡೆಯನ್ನು ಮುಟ್ಟುತ್ತದೆ, ಇಲ್ಲವೇ ಕುಲುಮೆಯನ್ನು ದಾಟಿ ಹೋಗುತ್ತದೆ. ಕುಲುಮೆಯನ್ನು ಎಷ್ಟು ಉದ್ದ ಕಟ್ಟಬೇಕೆಂಬುದನ್ನು ನಿರ್ಧರಿಸುವುದು ಸರಾಸರಿಯ ಹನಿಯಲ್ಲ, ಗುಂಪಿನಲ್ಲಿರುವ ಕೆಲವೇ ಕೆಲವು ದೊಡ್ಡ ಹನಿಗಳು.

ಹನಿಗಳನ್ನಾಗಿ ಒಡೆಯಬೇಕಾದರೆ ಗಂಧಕವು ಮೊದಲು ನೀರಾಗಿರಬೇಕಲ್ಲವೆ? ಇಲ್ಲಿಯೇ ಈ ವಸ್ತುವಿನ ವಿಚಿತ್ರ ಸ್ವಭಾವವು ಎದುರಾಗುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಗಂಧಕವನ್ನು ಪ್ರನಾಳದಲ್ಲಿ ಕಾಯಿಸಿದವರಿಗೆ ಇದು ನೆನಪಿರಬಹುದು. (ಹೊಗೆ ಹೊರಹೋಗುವ ಏರ್ಪಾಡಿಲ್ಲದೆ ಯಾರೂ ಇದನ್ನು ಮಾಡಕೂಡದು.) ಸುಮಾರು ೧೧೯ ಡಿಗ್ರಿ ಸೆಂಟಿಗ್ರೇಡಿನಲ್ಲಿ ಗಂಧಕವು ಕರಗಿ ಜೇನಿನ ಬಣ್ಣದ ತೆಳುವಾದ ದ್ರವವಾಗುತ್ತದೆ. ಕಾಯಿಸುತ್ತ ಹೋದರೆ, ಎಲ್ಲ ದ್ರವಗಳಂತೆ, ಇನ್ನೂ ತೆಳುವಾಗುತ್ತದೆ. ಆದರೆ ೧೬೦ ಡಿಗ್ರಿಯ ಆಸುಪಾಸಿನಲ್ಲಿ ಏಕಾಏಕಿ ಕೆಂಪಾಗಿ ಮಂದವಾಗತೊಡಗಿ, ೧೮೭ ಡಿಗ್ರಿಯ ಹೊತ್ತಿಗೆ ಪ್ರನಾಳವನ್ನು ಬೋರಲು ಹಾಕಿದರೂ ಸುರಿಯದಷ್ಟು ಗಟ್ಟಿಯಾದ ಅಂಟಾಗುತ್ತದೆ. ಬೆಲ್ಲದ ಪಾಕವು ಕಾದಷ್ಟೂ ಹದ ಏರುವುದನ್ನು ಕಂಡವರು ಇದರಲ್ಲೇನು ಆಶ್ಚರ್ಯವೆಂದು ಕೇಳಬಹುದು. ಆದರೆ ಪಾಕದಲ್ಲಿ ನೀರು ಹಾರಿ ಹೋಗುತ್ತದೆ, ಇಲ್ಲಿ ಏನೂ ಹಾರಿ ಹೋಗಿರುವುದಿಲ್ಲ.

ಕಾರಣವಿರುವುದು ಅಣುವಿನ ಆಕಾರದಲ್ಲಿ. ಗಂಧಕದ ಅಣುವೆಂದರೆ ಎಂಟು ಪರಮಾಣುಗಳ ಒಂದು ಉಂಗುರ. ಉಂಗುರಗಳು ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ. ಸುಮಾರು ೧೫೯ ಡಿಗ್ರಿಯನ್ನು ದಾಟಿದೊಡನೆ ಉಂಗುರಗಳು ತೆರೆದುಕೊಂಡು, ತುದಿಗೆ ತುದಿ ಬೆಸೆದು ಉದ್ದುದ್ದನೆಯ ಸರಪಳಿಗಳಾಗುತ್ತವೆ. ಸರಪಳಿಗಳು ತೆಂಗಿನ ನಾರಿನ ಉಂಡೆಯಂತೆ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ೧೫೭ ಡಿಗ್ರಿಯ ಬಳಿ ಗಂಧಕದ ಸ್ನಿಗ್ಧತೆಯು ನಾವು ಕುಡಿಯುವ ನೀರಿನ ಸ್ನಿಗ್ಧತೆಯ ಏಳು ಪಟ್ಟು ಮಾತ್ರ. ೧೮೭ ಡಿಗ್ರಿಯಲ್ಲಿ ಅದು ಮತ್ತೆ ಹತ್ತು ಸಾವಿರ ಪಟ್ಟಿಗಿಂತಲೂ ಹೆಚ್ಚಾಗಿರುತ್ತದೆ. ನಡುವೆ ಇರುವುದು ಕೇವಲ ಮೂವತ್ತು ಡಿಗ್ರಿ.

ಆದುದರಿಂದ ಕಾರ್ಖಾನೆಯಲ್ಲಿ ಗಂಧಕದ ಕೊಳವೆಗಳಿಗೆಲ್ಲ ಹೊರಗೊಂದು ಕೊಳವೆಯನ್ನು ಅಂಗಿಯಂತೆ ತೊಡಿಸಿ, ನಡುವೆ ಹಬೆಯನ್ನು ಹಾಯಿಸುತ್ತಾರೆ. ಹಬೆಯ ಒತ್ತಡವು ಮಾಪಕದಲ್ಲಿ ೪ ಬಾರ್ ಇದ್ದರೆ ಅದರ ಉಷ್ಣತೆ ಸುಮಾರು ೧೫೨ ಡಿಗ್ರಿ. ಗಂಧಕವು ಅದಕ್ಕಿಂತ ತುಸು ಕೆಳಗೆ, ೧೩೫ರಿಂದ ೧೫೦ರೊಳಗೆ, ಹದವಾಗಿ ನಿಲ್ಲುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವನೊಬ್ಬನು ಗಂಧಕವು ಸರಿಯಾಗಿ ಹರಿಯುತ್ತಿಲ್ಲವೆಂದು ಹಬೆಯನ್ನು ೭ ಬಾರಿಗೆ ಏರಿಸಿದನೆಂದರೆ ಅಂಗಿಯ ಉಷ್ಣತೆ ೧೭೦ ಡಿಗ್ರಿಯಾಗುತ್ತದೆ. ಬಿಸಿ ಹೆಚ್ಚಾದ ಕಾರಣದಿಂದಲೇ ಕೊಳವೆಯು ಕಟ್ಟಿಕೊಳ್ಳುತ್ತದೆ. ಇಂತಹ ದ್ರವ ಮತ್ತೊಂದನ್ನು ಕಾಣುವುದು ಕಷ್ಟ.

ಇನ್ನು ಮೂತಿಯ ವಿಷಯ. ಗಂಧಕವನ್ನು ಬರಿಯ ದುಂಡು ರಂಧ್ರದಿಂದ ಹೊರಬಿಟ್ಟರೆ ಏನಾಗುತ್ತದೆ? ನಿಧಾನವಾಗಿ ಹರಿಯುವ ದುಂಡು ಧಾರೆಯು ಮೇಲ್ಮೈ ಸೆಳೆತದಿಂದ ತಾನಾಗಿಯೇ ಹನಿಗಳಾಗಿ ತುಂಡಾಗುವುದನ್ನು ರ‍್ಯಾಲೆ ೧೮೭೮ರಲ್ಲಿ ಗಣಿತದಿಂದ ವಿವರಿಸಿದನು. ಹಾಗೆ ಹುಟ್ಟುವ ಹನಿಯ ವ್ಯಾಸವು ಧಾರೆಯ ವ್ಯಾಸದ ಸುಮಾರು ೧.೯ ಪಟ್ಟು. ಎಂದರೆ ರಂಧ್ರಕ್ಕಿಂತ ಹನಿಯೇ ದೊಡ್ಡದು! ವೇಗವನ್ನು ಹೆಚ್ಚಿಸಿದರೆ ಗಾಳಿಯು ಧಾರೆಯ ಹೊರಮೈಯನ್ನು ಹರಿಯುತ್ತದಾದರೂ ನಡುವಿನ ತಿರುಳು ದೂರದವರೆಗೆ ಒರಟಾಗಿಯೇ ಉಳಿಯುತ್ತದೆ. ರಂಧ್ರವನ್ನು ಕೂದಲಿನಷ್ಟು ಸಣ್ಣದು ಮಾಡೋಣವೆಂದರೆ ಅದು ಮೊದಲ ಗಳಿಗೆಯಲ್ಲಿಯೇ ಕಟ್ಟಿಕೊಳ್ಳುತ್ತದೆ. ಸಾಕಷ್ಟು ದೊಡ್ಡ ರಂಧ್ರದಿಂದ ಅದಕ್ಕಿಂತ ಎಷ್ಟೋ ಸಣ್ಣ ಹನಿಗಳನ್ನು ಹೊರಡಿಸಬೇಕು. ಮೂತಿಯನ್ನು ರೂಪಿಸುವವನ ಸಮಸ್ಯೆ ಇದು.

ತೋಟದ ಪಂಪಿನ ಮೂತಿಯನ್ನು ಬಿಚ್ಚಿ ನೋಡಿದರೆ ಉತ್ತರವು ಅಂಗೈಯಲ್ಲಿಯೇ ಸಿಕ್ಕುತ್ತದೆ. ರಂಧ್ರವಿರುವ ಬಿಲ್ಲೆಯ ಹಿಂದೆ ಓರೆಯಾಗಿ ಸೀಳಿದ ಕಾಲುವೆಗಳುಳ್ಳ ಒಂದು ಪುಟ್ಟ ತುಂಡು ಇರುತ್ತದೆ. ದ್ರವವು ಈ ಓರೆಗಾಲುವೆಗಳ ಮೂಲಕ ನುಗ್ಗುವಾಗ ಗಿರ್ರನೆ ತಿರುಗುತ್ತದೆ. ಕೆರೆಯ ತೂಬಿನ ಬಳಿ ನೀರು ಸುಳಿಯಾಗಿ ತಿರುಗಿ, ನಡುವೆ ಗಾಳಿಯ ಕುಣಿಕೆ ಬೀಳುವುದನ್ನು ನೋಡಿದ್ದೇವಷ್ಟೆ. ಇಲ್ಲಿಯೂ ಹಾಗೆಯೇ. ಮಧ್ಯಕ್ಕೆ ಹತ್ತಿರವಾದಂತೆ ಸುತ್ತುವ ವೇಗ ಏರುತ್ತದೆ. ರಂಧ್ರದ ನಡುವೆ ಗಾಳಿಯ ಕಂಬವೊಂದು ನಿಲ್ಲುತ್ತದೆ. ದ್ರವವು ಅಂಚಿಗೆ ಒತ್ತಿಕೊಂಡು ತೆಳ್ಳನೆಯ ಪೊರೆಯಾಗಿ ಮಾತ್ರ ಹೊರಬರುತ್ತದೆ. ಹೊರಬಂದ ಪೊರೆಯು ಟೊಳ್ಳು ಶಂಕುವಿನಂತೆ ಅಗಲವಾಗುತ್ತ ಇನ್ನಷ್ಟು ತೆಳುವಾಗಿ, ಅಲ್ಲಲ್ಲಿ ಹರಿದು, ಎಳೆಗಳಾಗಿ, ಕೊನೆಗೆ ಹನಿಗಳಾಗುತ್ತದೆ. ಹನಿಯ ಗಾತ್ರವನ್ನು ನಿರ್ಧರಿಸುವುದು ರಂಧ್ರದ ವ್ಯಾಸಕ್ಕಿಂತ ಹೆಚ್ಚಾಗಿ ಪೊರೆಯ ದಪ್ಪ. ಗಂಧಕದ ಸ್ನಿಗ್ಧತೆ ಹೆಚ್ಚಾದರೆ ಸುಳಿಯು ಕುಂಟುತ್ತದೆ, ಪೊರೆಯು ದಪ್ಪವಾಗುತ್ತದೆ. ೧೫೦ ಡಿಗ್ರಿಯ ಕಟ್ಟುನಿಟ್ಟಿನ ಅಗತ್ಯವು ಇಲ್ಲಿ ಮತ್ತೆ ಕಾಣುತ್ತದೆ.

ನಮ್ಮ ೧೦೦ ಟನ್ನಿನ ಕಾರ್ಖಾನೆಗೆ ಲೆಕ್ಕ ಹಾಕೋಣ. ಸೆಕೆಂಡಿಗೆ ೦.೩೮ ಕಿಲೋಗ್ರಾಂ ಗಂಧಕ. ದ್ರವದ ಸಾಂದ್ರತೆ ನೀರಿನ ಸುಮಾರು ೧.೮ ಪಟ್ಟು ಇರುವುದರಿಂದ ಸೆಕೆಂಡಿಗೆ ಲೀಟರಿನ ಐದನೆಯ ಒಂದು ಭಾಗಕ್ಕಿಂತ ಚೂರು ಹೆಚ್ಚು. ಪಂಪು ೧೦ ಬಾರ್ ಒತ್ತಡ ಕೊಟ್ಟರೆ ಹೊರಬರುವ ವೇಗವು ಹೆಚ್ಚೆಂದರೆ ಸೆಕೆಂಡಿಗೆ ೩೩ ಮೀಟರು. ರಂಧ್ರದ ಬಹುಭಾಗವನ್ನು ಗಾಳಿಯ ಕಂಬವೇ ಆಕ್ರಮಿಸುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ರಂಧ್ರದ ವ್ಯಾಸವು ಸುಮಾರು ೫ ಮಿಲಿಮೀಟರು ಬರುತ್ತದೆ. ಕಿರುಬೆರಳಿನ ತುದಿಯೂ ತೂರದ ಈ ಒಂದು ರಂಧ್ರದ ಮೂಲಕ ಇಡೀ ಕಾರ್ಖಾನೆಯ ಆಹಾರವು ಸಾಗುತ್ತದೆ. ಅಲ್ಲಿ ಹುಟ್ಟುವ ಶಾಖವು ಸುಮಾರು ೩,೫೦೦ ಕಿಲೋವಾಟ್. ತೂಕಕ್ಕೆ ತೂಕ ಹೋಲಿಸಿದರೆ ಗಂಧಕದ ಶಾಖವು ತೆಂಗಿನ ಚಿಪ್ಪಿನ ಶಾಖದ ಅರ್ಧದಷ್ಟೇ ಇದ್ದರೂ, ಅದನ್ನು ಬಾಯ್ಲರಿಗೆ ಹಾಯಿಸಿ ಹಬೆ ಪಡೆಯುವುದುಂಟು.

ಮೂತಿಯನ್ನು ತುದಿಯಲ್ಲಿ ಹೊತ್ತ, ಹಬೆಯ ಅಂಗಿ ತೊಟ್ಟ ಉದ್ದನೆಯ ಕೊಳವೆಗೆ ಕೆಲಸಗಾರರು ಸಲ್ಫರ್ ಗನ್ ಎನ್ನುತ್ತಾರೆ. ಅಡ್ಡಲಾಗಿ ಮಲಗಿಸಿದ, ಒಳಗೆಲ್ಲ ಬೆಂಕಿಯಿಟ್ಟಿಗೆಯ ಹೊದಿಕೆಯುಳ್ಳ ಉಕ್ಕಿನ ಪೀಪಾಯಿಯೇ ಕುಲುಮೆ. ಗನ್ನು ಅದರ ಮುಖದಲ್ಲಿರುತ್ತದೆ. ಅದರ ಸುತ್ತಲಿನ ಓರೆ ಹಲಗೆಗಳ ಮೂಲಕ ಗಾಳಿಯೂ ಸುಳಿಯಾಗಿ ಒಳನುಗ್ಗುತ್ತದೆ. ಶಂಕುವಿನ ಕೋನವು ಅತಿ ಅಗಲವಾದರೆ ಹನಿಗಳು ಇಟ್ಟಿಗೆಗೆ ಬಡಿಯುತ್ತವೆ; ಅತಿ ಕಿರಿದಾದರೆ ಗಾಳಿಯು ನಡುವಿನವರೆಗೆ ತಲಪದೆ ಜ್ವಾಲೆಯು ಉದ್ದವಾಗುತ್ತದೆ. ಎಣ್ಣೆಯ ಬರ್ನರುಗಳಲ್ಲಿ ಹಬೆಯನ್ನೇ ಊದಿ ಹನಿ ಮಾಡುವ ಪದ್ಧತಿಯುಂಟು. ಆಮ್ಲದ ಕಾರ್ಖಾನೆಯಲ್ಲಿ ಅದು ಸಲ್ಲದು. ತೇವವು ಮುಂದೆ ಆಮ್ಲದ ಮಂಜಾಗಿ ಉಕ್ಕನ್ನು ತಿನ್ನುತ್ತದೆ. ಉರಿಗೆ ಬೇಕಾದ ಗಾಳಿಯನ್ನೂ ಮೊದಲು ಗಂಧಕಾಮ್ಲದಲ್ಲಿಯೇ ತೊಳೆದು ಒಣಗಿಸಿರುತ್ತಾರೆ.

ಉರಿಯು ಸರಿಯಾಗಿದೆಯೇ ಎಂಬುದನ್ನು ತಿಳಿಯಲು ಒಂದು ಸರಳ ಲೆಕ್ಕವಿದೆ. ಗಂಧಕವು ಉರಿದಾಗ ಒಂದು ಅಣು ಆಮ್ಲಜನಕವು ಹೋಗಿ ಒಂದು ಅಣು ಡೈ ಆಕ್ಸೈಡ್ ಬರುತ್ತದೆ. ಆದ್ದರಿಂದ ಈ ಎರಡರ ಮೊತ್ತವು, ಗಾಳಿಯಲ್ಲಿ ಮೊದಲಿದ್ದ ಆಮ್ಲಜನಕದಷ್ಟೇ, ಶೇಕಡ ೨೧ ಇರಬೇಕು. ಆಮ್ಲದವರು ಡೈ ಆಕ್ಸೈಡನ್ನು ಶೇಕಡ ೧೦ರಿಂದ ೧೨ರವರೆಗೆ ಇಟ್ಟುಕೊಳ್ಳುತ್ತಾರೆ. ಆಗ ಕುಲುಮೆಯ ಉಷ್ಣತೆಯು ೧,೦೦೦ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಉರಿಯದೆ ದಾಟಿದ ಗಂಧಕವು ಮುಂದಿನ ವೇಗವರ್ಧಕದ ಹಾಸಿನಲ್ಲಿ ಉರಿದು ಅದನ್ನು ಅತಿಯಾಗಿ ಕಾಯಿಸಬಹುದು, ಇಲ್ಲವೇ ತಂಪಾದೆಡೆಯಲ್ಲಿ ಹಳದಿಯ ಪುಡಿಯಾಗಿ ಕೂಡಬಹುದು. ಎರಡರಲ್ಲಿ ಯಾವುದಾದರೂ ಕಾರ್ಖಾನೆಯನ್ನು ನಿಲ್ಲಿಸಿ ಮತ್ತೆ ಹೊತ್ತಿಸಬೇಕಾಗುತ್ತದೆ. ವೇಗವರ್ಧಕವು ಇನ್ನೂ ತಣ್ಣಗಿರುವ ಆ ಮರುಹೊತ್ತಿಸುವ ಗಳಿಗೆಗಳಲ್ಲಿಯೇ ಚಿಮಣಿಯಿಂದ ಡೈ ಆಕ್ಸೈಡ್ ಹೆಚ್ಚಾಗಿ ತಪ್ಪಿಸಿಕೊಳ್ಳುವುದು. ೨೦೦೯ರ ರಾಷ್ಟ್ರೀಯ ಮಾನದಂಡದ ಪ್ರಕಾರ ಊರಿನ ಗಾಳಿಯಲ್ಲಿ ಅದರ ಇಪ್ಪತ್ತನಾಲ್ಕು ಗಂಟೆಗಳ ಸರಾಸರಿಯು ಘನ ಮೀಟರಿಗೆ ೮೦ ಮೈಕ್ರೋಗ್ರಾಂ ಮೀರಕೂಡದು. ಮೂತಿಯ ಅಂಚಿಗೂ ಬೇಲಿಯಾಚೆಯ ಮನೆಯವರ ಉಸಿರಿಗೂ ಇರುವ ಸಂಬಂಧವು ಇಷ್ಟು ನೇರ.

ಒತ್ತಡದ ಮೂತಿಗೆ ಒಂದು ಹುಟ್ಟುದೋಷವಿದೆ. ಹರಿವು ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ, ಉತ್ಪಾದನೆಯನ್ನು ಅರ್ಧಕ್ಕೆ ಇಳಿಸಲು ಒತ್ತಡವನ್ನು ಕಾಲು ಭಾಗಕ್ಕೆ, ೧೦ ಬಾರಿನಿಂದ ೨.೫ಕ್ಕೆ, ಇಳಿಸಬೇಕಾಗುತ್ತದೆ. ಒತ್ತಡವು ಬಹಳ ತಗ್ಗಿದರೆ ಶಂಕುವು ಮುದುಡಿ ಈರುಳ್ಳಿ ಗಡ್ಡೆಯ ಆಕಾರ ತಾಳುತ್ತದೆ, ಹನಿಗಳು ಒರಟಾಗುತ್ತವೆ. ತೋಟದ ಪಂಪನ್ನು ಒತ್ತುವುದನ್ನು ನಿಲ್ಲಿಸಿ ಮೂತಿಯನ್ನು ಗಮನಿಸಿದರೆ ಇದನ್ನು ಯಾರಾದರೂ ಕಾಣಬಹುದು. ಇದಕ್ಕೆ ಪರಿಹಾರವಾಗಿ ಕೆಲವರು ವೇಗವಾಗಿ ತಿರುಗುವ ಬಟ್ಟಲಿನ ಅಂಚಿನಿಂದ ಗಂಧಕವನ್ನು ಎರಚುವ ಬರ್ನರನ್ನು ಬಳಸುತ್ತಾರೆ. ಅಲ್ಲಿ ಪೊರೆಯನ್ನು ತೆಳುವಾಗಿಸುವುದು ಬಟ್ಟಲಿನ ವೇಗವೇ ಹೊರತು ಪಂಪಿನ ಒತ್ತಡವಲ್ಲ. ಅದು ಬೆಲೆಯುಳ್ಳ ಯಂತ್ರ, ಬಿಸಿಯ ಪಕ್ಕದಲ್ಲಿ ತಿರುಗುವ ಭಾಗಗಳುಳ್ಳದ್ದು. ನಮಗೆ ಹೆಚ್ಚು ಹಿಡಿಸಿದ್ದು ಸರಳವಾದ ಉಪಾಯ: ಒಂದು ದೊಡ್ಡ ಗನ್ನಿನ ಬದಲು ಎರಡು ಮೂರು ಸಣ್ಣವನ್ನಿಟ್ಟು, ಬೇಡವಾದಾಗ ಒಂದನ್ನು ಪೂರ್ತಿಯಾಗಿ ನಿಲ್ಲಿಸುವುದು.

ನಿಲ್ಲಿಸಿದ ಗನ್ನನ್ನು ಮಾತ್ರ ಕೂಡಲೇ ಹೊರಗೆಳೆಯಬೇಕು. ಒಳಗೇ ಬಿಟ್ಟರೆ ತುದಿಯಲ್ಲಿ ಉಳಿದ ಗಂಧಕವು ಕುಲುಮೆಯ ಶಾಖಕ್ಕೆ ೧೬೦ ಡಿಗ್ರಿಯನ್ನು ದಾಟಿ ಅಂಟಾಗುತ್ತದೆ. ಅದರಲ್ಲಿ ಎಣ್ಣೆಯ ಅಂಶವಿದ್ದರೆ ಕರಿಯಾಗಿ ಕಚ್ಚಿಕೊಳ್ಳುತ್ತದೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಆಮ್ಲದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲ್ವಿಚಾರಕರಾಗಿದ್ದಾರೆ. ಅವರು ಸೇರುವುದಕ್ಕೆ ಮೊದಲೊಮ್ಮೆ ರಾತ್ರಿ ಪಾಳಿಯಲ್ಲಿ ಹೀಗೆ ಕಟ್ಟಿಕೊಂಡ ಮೂತಿಯನ್ನು ಯಾರೋ ತಂತಿಯಿಂದ ಬಿಡಿಸಿ ಹಾಕಿದ್ದರಂತೆ. ಮೊದಲು ಎಲ್ಲವೂ ಸುಗಮ. ಹರಿವು ಹೆಚ್ಚಿತು, ಒತ್ತಡ ಇಳಿಯಿತು. ಬೆಳಗಿನ ಹೊತ್ತಿಗೆ ಕುಲುಮೆಯ ಹಿಂತುದಿಯ ಇಣುಕುಗಿಂಡಿಯಲ್ಲಿ ಇನ್ನೂ ಉರಿಯುತ್ತಿರುವ ಹನಿಗಳು ಕಂಡವು. ಕಾರ್ಖಾನೆಯು ಮೂರು ದಿನ ನಿಂತಿತು.

“ಈಗ ಏನು ಮಾಡುತ್ತೀರಿ?” ಎಂದು ನಾವು ಕೇಳಿದೆವು. ಅವರು ಮೇಜಿನ ಖಾನೆಯಿಂದ ಒಂದು ಡಬ್ಬಿಯನ್ನು ತೆಗೆದರು. ಅದರಲ್ಲಿ ಹೊಸ ಮೂತಿಗಳೂ ನುಣುಪಾದ ಎರಡು ಉಕ್ಕಿನ ಕಡ್ಡಿಗಳೂ ಇದ್ದುವು. ಪಾಳಿಗೊಮ್ಮೆ ಹೊರತೆಗೆದ ಮೂತಿಯನ್ನು ಮೊದಲು ಕರಗಿಸಿ ತೊಳೆದು, ಆಮೇಲೆ ಈ ಕಡ್ಡಿಗಳಿಂದ ಅಳೆಯುತ್ತಾರೆ. ತೆಳುವಾದುದು ತೂರಬೇಕು, ದಪ್ಪನಾದುದು ತೂರಕೂಡದು. “ದಪ್ಪ ಕಡ್ಡಿ ಒಳಕ್ಕೆ ಹೋಯಿತು ಅಂದ್ರೆ ಅದು ಗುಜರಿಗೆ, ಸಾರ್” ಎಂದು ಹೇಳಿ, ಅಂದು ಬೆಳಿಗ್ಗೆ ತೆಗೆದಿದ್ದ ಒಂದು ಮೂತಿಯನ್ನು ನಮ್ಮ ಕೈಗಿತ್ತರು. ಕಣ್ಣಿಗೆ ಅದು ಹೊಸದರಂತೆಯೇ ಕಂಡಿತು. ದಪ್ಪ ಕಡ್ಡಿಯು ಅದರೊಳಗೆ ಸಲೀಸಾಗಿ ಇಳಿಯಿತು.